ಬಿಸಿಲು ಕಾಣದ ಜೀವಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಆಳಸಮುದ್ರದ ಸೂಕ್ಷ್ಮಜೀವಿಗಳ ಬಗ್ಗೆ, ಅವುಗಳ ಜಾಡು ಹಿಡಿದು ಬೇರೆ ಲೋಕಗಳಲ್ಲಿ ಜೀವ ಹುಡುಕುತ್ತಿರುವವರ ಬಗ್ಗೆ ಬರೆದಿದ್ದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳೇ ಹೆಚ್ಚು. ಹಲವರು ಕೇಳಿದ್ದನ್ನು ಒಂದೇ ಪ್ರಶ್ನೆಯಾಗಿ ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಎಲ್ಲ ಆಹಾರಕ್ಕೂ ಮೂಲ ಸೂರ್ಯ ಅಂತ ಮಕ್ಕಳಿಗೆ ಏಳನೇ ಇಯತ್ತೆಯಿಂದಲೂ ಕಲಿಸುತ್ತ ಬಂದೀವಿ. ಸಮುದ್ರದ ತಳದಾಗ ಬೆಳಕೇ ಇಲ್ಲ ಅಂದ್ರ ಅಲ್ಲಿಯ ಜೀವಿಗಳು ತಿನ್ನೋದೇನು? ಪಾಠ ತಪ್ಪಾತೇನ್ರಿ?
ಶಾಲಾ ಶಿಕ್ಷಕಿ, ಮುಂಡರಗಿ

ಉತ್ತರ: ಪಾಠ ತಪ್ಪಲ್ಲ, ಅಪೂರ್ಣ. ಸೂರ್ಯನ ಬೆಳಕು ಸಮುದ್ರದಲ್ಲಿ ಸುಮಾರು 200 ಮೀಟರ್ ಇಳಿಯುವಷ್ಟರಲ್ಲಿ ಗಿಡ-ಪಾಚಿ ಬದುಕಲು ಸಾಲದಷ್ಟು ಮಂಕಾಗುತ್ತದೆ, 1,000 ಮೀಟರ್ ದಾಟಿದರೆ ಪೂರ್ತಿ ಕತ್ತಲೆ. ಅಲ್ಲಿಯ ಬಹುಪಾಲು ಜೀವಿಗಳು ಮೇಲಿನಿಂದ ಉದುರುವ ಎಂಜಲನ್ನೇ ನೆಚ್ಚಿಕೊಂಡಿವೆ. ಆದರೆ 1977ರಲ್ಲಿ ಗಲಪಗೋಸ್ ದ್ವೀಪಗಳ ಬಳಿ ಆಲ್ವಿನ್ ಎಂಬ ಜಲಾಂತರ್ವಾಹಕ ಸುಮಾರು 2,500 ಮೀಟರ್ ಇಳಿದಾಗ, ತಳದ ಬಿರುಕುಗಳಿಂದ ಬಿಸಿನೀರು ಉಕ್ಕುವ ಜಾಗದಲ್ಲಿ ಜೀವಗಳ ಸಂತೆಯೇ ನೆರೆದಿತ್ತು. ಆಳೆತ್ತರದ ಕೊಳವೆಹುಳಗಳು, ಅಂಗೈಯಗಲದ ಚಿಪ್ಪುಜೀವಿಗಳು. ಬೆಳೆದ ಕೊಳವೆಹುಳಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಅದರ ಮೈಯೊಳಗೆ ಒತ್ತೊತ್ತಾಗಿ ತುಂಬಿರುವ ಬ್ಯಾಕ್ಟೀರಿಯಾಗಳೇ ಅದಕ್ಕೆ ಉಣಿಸುತ್ತವೆ ಎಂದು 1981ರಲ್ಲಿ ಗೊತ್ತಾಯಿತು.

ಆ ಬ್ಯಾಕ್ಟೀರಿಯಾಗಳ ಅಡುಗೆ ಹೀಗೆ: ಬಿಸಿನೀರಿನೊಂದಿಗೆ ಹೈಡ್ರೋಜನ್ ಸಲ್ಫೈಡ್ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆಯ ಅನಿಲ. ಸುತ್ತಲಿನ ತಣ್ಣೀರಿನಲ್ಲಿ ಆಮ್ಲಜನಕ ಇದೆ. ಸಲ್ಫೈಡ್ ಎಲೆಕ್ಟ್ರಾನ್ ಕೊಡಲು ತಯಾರು, ಆಮ್ಲಜನಕ ಇಸಿದುಕೊಳ್ಳಲು ತಯಾರು. ನಡುವೆ ನಿಂತ ಬ್ಯಾಕ್ಟೀರಿಯಾ ಈ ಕೊಡು-ಕೊಳ್ಳುವಿಕೆಯಲ್ಲಿ ಸಿಗುವ ಶಕ್ತಿಯಿಂದ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಕಟ್ಟುತ್ತದೆ. ಎಲೆ ಬಿಸಿಲಿನಿಂದ ಮಾಡುವ ಕೆಲಸವನ್ನು ಇದು ರಸಾಯನದಿಂದ ಮಾಡುತ್ತದೆ. ಇಂಥ ಬ್ಯಾಕ್ಟೀರಿಯಾಗಳು ಇವೆ ಎಂದು ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೋಗ್ರಾಡ್‌ಸ್ಕಿ 1880ರ ದಶಕದಲ್ಲೇ ತೋರಿಸಿದ್ದರು. ಇಡೀ ಊರನ್ನೇ ಅವು ಸಾಕಬಲ್ಲವು ಎಂಬುದು ಗೊತ್ತಾದದ್ದು 1977ರ ನಂತರ.

ಮಕ್ಕಳಿಗೆ ಹೇಳುವಾಗ ಒಂದು ಮಾತು ಬಿಡಬೇಡಿ. ಕೊಳವೆಹುಳ ಬಳಸುವ ಆಮ್ಲಜನಕ ಮೇಲಿನ ಪಾಚಿಗಳು ಬಿಸಿಲಲ್ಲಿ ತಯಾರಿಸಿದ್ದು. ಹಾಗಾಗಿ ಅದು ಸೂರ್ಯನ ಋಣದಿಂದ ಪೂರ್ತಿ ಬಿಡುಗಡೆ ಹೊಂದಿಲ್ಲ. ಅದೇ ಬುಗ್ಗೆಗಳಲ್ಲಿ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳೂ ಇವೆ. ಅವಕ್ಕೆ ಬಂಡೆ ಮತ್ತು ನೀರು ಕೂಡಿ ಹುಟ್ಟಿಸುವ ಹೈಡ್ರೋಜನ್, ಜೊತೆಗೆ ಇಂಗಾಲದ ಡೈಆಕ್ಸೈಡ್, ಇವೆರಡಿದ್ದರೆ ಸಾಕು. ಸೂರ್ಯ ಆರಿದರೂ ಅವುಗಳ ಒಲೆ ಆರದು. ಬೇರೆ ಲೋಕದ ಜೀವದ ಮಾತು ಬಂದಾಗ ಎಲ್ಲರ ಕಣ್ಣು ಇವುಗಳ ಮೇಲೆ.

ಪ್ರಶ್ನೆ: ಅಷ್ಟು ನೀರಿನ ಭಾರಕ್ಕೆ ಅವು ಅಪ್ಪಚ್ಚಿ ಆಗೋದಿಲ್ಲೇನು? ಮೇಲೆ ತಂದರೆ ಸಿಡಿದು ಹೋಗ್ತಾವಂತ, ಖರೇನ?
ಗೃಹಿಣಿ, ಸಾಧನಕೇರಿ, ಧಾರವಾಡ

ಉತ್ತರ: ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. 2,500 ಮೀಟರಿನಲ್ಲಿ ಅದು 250 ಪಟ್ಟು. ಅಪ್ಪಚ್ಚಿಯಾಗುವುದು ಒಳಗೆ ಗಾಳಿ ಇರುವ ವಸ್ತು. ಸೂಕ್ಷ್ಮಜೀವಿಯ ಒಳಗೂ ನೀರು, ಹೊರಗೂ ನೀರು. ನೀರು ಹೆಚ್ಚು ಕುಗ್ಗುವುದಿಲ್ಲ. ಆದ್ದರಿಂದ ಜಜ್ಜಿಹೋಗುವ ಮಾತೇ ಇಲ್ಲ.

ತೊಂದರೆ ಬೇರೆ ಕಡೆ ಇದೆ. ಜೀವಕೋಶದ ಪೊರೆ ಜಿಡ್ಡಿನಿಂದಾದದ್ದು. ಧಾರವಾಡದ ಚಳಿಗೆ ಡಬ್ಬಿಯ ತುಪ್ಪ ಚಮಚ ಇಳಿಯದಷ್ಟು ಗಟ್ಟಿಯಾಗುತ್ತದೆ, ಪಕ್ಕದಲ್ಲಿಟ್ಟ ಕುಸುಬಿ ಎಣ್ಣೆ ಹಾಗೇ ಹರಿಯುತ್ತಿರುತ್ತದೆ. ಒತ್ತಡವೂ ಚಳಿಯ ಹಾಗೆಯೇ ಪೊರೆಯನ್ನು ಹೆಪ್ಪುಗಟ್ಟಿಸುತ್ತದೆ. ಪೊರೆ ಬಿಗಿದರೆ ಒಳಗೆ-ಹೊರಗೆ ಏನೂ ದಾಟದು. ಆಳದ ಬ್ಯಾಕ್ಟೀರಿಯಾಗಳು ಪೊರೆಯಲ್ಲಿ ಕುಸುಬಿ ಎಣ್ಣೆಯ ಜಾತಿಯ, ಅಂದರೆ ಅಪರ್ಯಾಪ್ತ ಕೊಬ್ಬಿನಾಮ್ಲವನ್ನು ಹೆಚ್ಚು ಸೇರಿಸಿಕೊಂಡು ಅದನ್ನು ಸಡಿಲವಾಗಿಟ್ಟುಕೊಳ್ಳುತ್ತವೆ.

ಮೇಲೆ ತಂದರೆ ಸಿಡಿಯುವುದಿಲ್ಲ. ಎಷ್ಟೋ ಬ್ಯಾಕ್ಟೀರಿಯಾಗಳು ಒತ್ತಡ ಇಳಿದರೂ ಕೆಲಕಾಲ ತಡೆದುಕೊಳ್ಳುತ್ತವೆ. ಅವುಗಳನ್ನು ಕೊಲ್ಲುವುದು ಹೆಚ್ಚಾಗಿ ಬಿಸಿ. ತಳದ ನೀರು 2ರಿಂದ 4 ಡಿಗ್ರಿ, ನಮ್ಮ ಕಡಲಿನ ಮೇಲ್ಪದರ 28 ಡಿಗ್ರಿ. ಮಾದರಿಯನ್ನು ಮೇಲೆತ್ತುವ ಕೆಲವು ಗಂಟೆಗಳಲ್ಲಿ ಬೆಚ್ಚಗಾದರೆ ಕೆಲಸ ಕೆಟ್ಟಂತೆ. ಅದಕ್ಕೇ ಕೆಸರಿನ ಮಾದರಿಗಳನ್ನು ದಪ್ಪ ಗೋಡೆಯ ಪೆಟ್ಟಿಗೆಯಲ್ಲಿ ಮುಚ್ಚಿ ತರುತ್ತಾರೆ. ಪ್ರಯೋಗಾಲಯದಲ್ಲಿ ಅವನ್ನು ಬೆಳೆಸುವುದು ಪ್ಲಾಸ್ಟಿಕ್ ಚೀಲದಲ್ಲಿ: ಒಂದೂ ಗಾಳಿಗುಳ್ಳೆ ಇಲ್ಲದಂತೆ ಬೆಸೆದು, ನೀರು ತುಂಬಿದ ಉಕ್ಕಿನ ಸಿಲಿಂಡರಿನೊಳಗೆ ಇಳಿಸಿ, ಕೈಪಂಪಿನಿಂದ ಒತ್ತಡ ಏರಿಸಿ, 4 ಡಿಗ್ರಿಯಲ್ಲಿ ಇಡುತ್ತಾರೆ. ಒಂದು ಗುಳ್ಳೆ ಉಳಿದರೂ ಚೀಲ ಅಲ್ಲೇ ಮಡಿಚಿ ಹರಿಯುತ್ತದೆ.

ಪ್ರಶ್ನೆ: ತಾಲ್ಲೂಕು ವಿಜ್ಞಾನ ಮೇಳಕ್ಕೆ ಈ ವಿಷಯದ ಮೇಲೆ ಮಾದರಿ ಮಾಡಬೇಕು. ಥರ್ಮೋಕೋಲ್ ಗುಡ್ಡ ಬೇಡ, ನಿಜವಾಗಿ ನಡೆಯುವಂಥದ್ದು ಬೇಕು. ಖರ್ಚು ಕಡಿಮೆ ಇರಲಿ.
ಹೈಸ್ಕೂಲ್ ವಿಜ್ಞಾನ ಶಿಕ್ಷಕರು, ಹಾವೇರಿ

ಉತ್ತರ: ಈ ಪತ್ರ ಓದಿ ನಮಗೆ ಬಹಳ ಖುಷಿಯಾಯಿತು. ಹೆಗ್ಗೇರಿ ಕೆರೆಯ ರಾಡಿಯಲ್ಲೇ ನಿಮ್ಮ ಮಾದರಿ ಇದೆ. ಮೇಲೆ ಹೇಳಿದ ವಿನೋಗ್ರಾಡ್‌ಸ್ಕಿ ಅವರೇ ತೋರಿಸಿಕೊಟ್ಟ ವಿಧಾನ ಇದು. ಮೇಳಕ್ಕೆ ಎರಡು ತಿಂಗಳು ಮೊದಲು ಶುರು ಮಾಡಿ, ಅದಕ್ಕಿಂತ ತಡವಾದರೆ ಬಣ್ಣ ಬರುವುದಿಲ್ಲ.

ಎರಡು ಲೀಟರಿನ ಪಾರದರ್ಶಕ ಬಾಟಲಿಯ ಕುತ್ತಿಗೆ ಕತ್ತರಿಸಿ. ಕೆರೆಯ ಅಂಚಿನಲ್ಲಿ ಮೇಲಿನ ಕಂದು ಪದರ ಸರಿಸಿದರೆ ಕೆಳಗೆ ಕಪ್ಪಗೆ, ನಾರುವ ಕೆಸರು ಸಿಗುತ್ತದೆ, ಅದೇ ಬೇಕು. ಕೈಗವಸು ಹಾಕಿಕೊಂಡು ಬಾಟಲಿಯೊಂದಕ್ಕೆ ಒಂದೂವರೆ ಲೀಟರಿನಷ್ಟು ಕೆಸರು, ಒಂದು ಲೀಟರ್ ಕೆರೆ ನೀರು ತನ್ನಿ. ಕಲ್ಲು, ಕಡ್ಡಿ, ಹುಳ ತೆಗೆದು ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಮೂರನೇ ಒಂದು ಪಾಲು ಕೆಸರಿಗೆ ಚೂರುಚೂರು ಮಾಡಿ ನೆನೆಸಿದ ಹಳೆ ಪತ್ರಿಕೆಯ ಒಂದು ಹಾಳೆ, ಒಂದು ಹಸಿ ಮೊಟ್ಟೆಯ ಹಳದಿ, ಎರಡು ದೊಡ್ಡ ಚಮಚ ಚಾಕ್‌ಪೀಸ್ ಪುಡಿ, ಒಂದು ಚಮಚ ಮೊಟ್ಟೆಚಿಪ್ಪಿನ ಪುಡಿ ಸೇರಿಸಿ. ಕಾಗದ ಅವುಗಳ ಊಟ, ಮೊಟ್ಟೆ ಗಂಧಕಕ್ಕೆ, ಚಿಪ್ಪು ಕಾರ್ಬೊನೇಟಿಗೆ. ಚಾಕ್‌ಪೀಸಿನ ವಿಷಯದಲ್ಲಿ ಜೋಪಾನ: ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಮಾಡಿದ ಸಾದಾ ಚಾಕ್‌ಪೀಸ್ ಕ್ಯಾಲ್ಸಿಯಂ ಸಲ್ಫೇಟ್, ಅದು ನಡೆಯುತ್ತದೆ. ಧೂಳಿಲ್ಲದ್ದು ಎಂದು ಮಾರುವ ದುಬಾರಿ ಚಾಕ್ ಹೆಚ್ಚಾಗಿ ಕಾರ್ಬೊನೇಟ್, ಅದರಿಂದ ಸಲ್ಫೇಟ್ ಸಿಗುವುದಿಲ್ಲ.

ಈ ಮಿಶ್ರಣವನ್ನು ತಳಕ್ಕೆ ಹಾಕಿ, ಗುಳ್ಳೆ ಹೋಗುವವರೆಗೆ ಬಾಟಲಿಯನ್ನು ಮೆಲ್ಲಗೆ ಕುಟ್ಟಿ. ಮೇಲೆ ಸಾದಾ ಕೆಸರನ್ನು ಬಾಟಲಿಯ ಮುಕ್ಕಾಲಿಗಿಂತ ಸ್ವಲ್ಪ ಕೆಳಗಿನವರೆಗೆ ತುಂಬಿ, ಅದರ ಮೇಲೆ ಐದು ಸೆಂಟಿಮೀಟರ್ ಕೆರೆ ನೀರು. ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಸೂಜಿಯಿಂದ ತೂತು ಮಾಡಿ. ಬಿಗಿಯಾಗಿ ಮುಚ್ಚಿದರೆ ಒಳಗಿನ ಅನಿಲ ನಿಮ್ಮ ಮಾದರಿಯನ್ನು ಗೋಡೆಗೆ ಬಳಿಯುತ್ತದೆ. ಬೆಳಕು ಬರುವ, ನೇರ ಬಿಸಿಲು ಬೀಳದ ಕಿಟಕಿಯಲ್ಲಿಡಿ, ಉತ್ತರದ ಕಿಟಕಿ ಉತ್ತಮ. ಎಲ್‌ಇಡಿ ಟ್ಯೂಬಿನ ಬೆಳಕಿನಲ್ಲಿ ನೇರಳೆ ಪದರ ತಡವಾಗುತ್ತದೆ. ಆ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಹೀರುವ ಅವಕೆಂಪು ಕಿರಣ ಎಲ್‌ಇಡಿಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಒಂದೆರಡು ವಾರಕ್ಕೆ ತಳ ಕಪ್ಪಾಗುತ್ತದೆ. ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾ ಸಲ್ಫೈಡ್ ಬಿಡುತ್ತಿದೆ, ಅದು ಕೆಸರಿನ ಕಬ್ಬಿಣದೊಂದಿಗೆ ಕೂಡಿ ಕಪ್ಪು ಕಬ್ಬಿಣದ ಸಲ್ಫೈಡ್ ಆಗುತ್ತಿದೆ. ನಾಲ್ಕರಿಂದ ಎಂಟು ವಾರಕ್ಕೆ ಬಾಟಲಿಯ ಗೋಡೆಯಂಚಿನಲ್ಲಿ ಹಸಿರು, ಅದರ ಮೇಲೆ ನೇರಳೆ ಪಟ್ಟಿಗಳು ಮೂಡುತ್ತವೆ. ಎರಡನೆಯ ಬಾಟಲಿಯನ್ನು ಇದೇ ರೀತಿ ತುಂಬಿ ಕರಿ ಕಾಗದ ಸುತ್ತಿ ಇಡಿ. ಮೇಳದ ದಿನ ಕಾಗದ ಬಿಚ್ಚಿ: ಬಣ್ಣದ ಪಟ್ಟಿ ಇರುವುದಿಲ್ಲ, ಆದರೆ ತಳ ಕಪ್ಪಾಗಿಯೇ ಇರುತ್ತದೆ. ಕತ್ತಲೆಯಲ್ಲೂ ಅಲ್ಲಿ ಸಂಸಾರ ನಡೆದಿದೆ! ಮಕ್ಕಳಿಗೆ ತೋರಿಸಬೇಕಾದ್ದು ಅದನ್ನೇ.

ಇನ್ನೊಂದು ಹೆಜ್ಜೆ ಹೋಗುವ ಉತ್ಸಾಹ ಇದ್ದರೆ ಕೆಸರಿನ ಬ್ಯಾಟರಿ ಮಾಡಿ. ಹಳೆಯ ದೊಡ್ಡ ಟಾರ್ಚ್ ಸೆಲ್ಲಿನ ನಡುವಿನ ಕಾರ್ಬನ್ ಕಡ್ಡಿ ಎರಡು ಬೇಕು. ಸಾದಾ ಜಿಂಕ್-ಕಾರ್ಬನ್ ಸೆಲ್ ಮಾತ್ರ ಬಿಚ್ಚಿ. ಆಲ್ಕಲೈನ್ ಮತ್ತು ಲೀಥಿಯಂ ಸೆಲ್ಲುಗಳನ್ನು ಮುಟ್ಟಲೇಬೇಡಿ. ಕಡ್ಡಿಗೆ ಅಂಟಿದ ಕಪ್ಪು ಪುಡಿಯನ್ನು ಉಜ್ಜಿ ತೊಳೆದು, ಎರಡು ಸಲ ನೀರು ಬದಲಿಸಿ ಕುದಿಸಿ. ಒಂದು ಕಡ್ಡಿ ಕೆಸರಿನೊಳಗೆ ಎಂಟು ಸೆಂಟಿಮೀಟರ್ ಆಳಕ್ಕೆ, ಇನ್ನೊಂದು ಮೇಲಿನ ನೀರಿನಲ್ಲಿ. ತಂತಿ ಕೂಡುವ ಜಾಗವನ್ನು ಎಂ-ಸೀಲ್‌ನಿಂದ ಪೂರ್ತಿ ಮುಚ್ಚಿ. ಮಲ್ಟಿಮೀಟರಿನಲ್ಲಿ ಹತ್ತು-ಹದಿನೈದು ದಿನಕ್ಕೆ 0.3ರಿಂದ 0.6 ವೋಲ್ಟ್ ಕಾಣಬಹುದು. ಒಂದು ಸಾವಿರ ಓಮ್ ರೆಸಿಸ್ಟರ್ ಜೋಡಿಸಿದ ಕೂಡಲೇ ಅದು ಮಿಲಿವೋಲ್ಟುಗಳಿಗೆ ಇಳಿಯುತ್ತದೆ, ಗಾಬರಿ ಬೇಡ, ಕರೆಂಟ್ ಅಷ್ಟು ಸಣ್ಣದು. ಇದರಿಂದ ಎಲ್‌ಇಡಿ ಹತ್ತುವುದಿಲ್ಲ. ಹತ್ತುತ್ತದೆ ಎಂದು ಫಲಕದಲ್ಲಿ ಬರೆಯಬೇಡಿ.

ಇಲ್ಲೇ ಎಲ್ಲರೂ ಎಡವುವುದು. ಮೊದಲ ದಿನವೇ ಅರ್ಧ ವೋಲ್ಟ್ ಬಂದರೆ ಅದು ಜೀವದ್ದಲ್ಲ. ತಾಮ್ರದ ತಂತಿ ಕೆಸರಿಗೆ ತಾಗಿದೆ, ಇಲ್ಲವೇ ಕಡ್ಡಿಯಲ್ಲಿ ಸೆಲ್ಲಿನ ಪುಡಿ ಉಳಿದಿದೆ. ಜೀವದ ವೋಲ್ಟೇಜ್ ದಿನದಿಂದ ದಿನಕ್ಕೆ ಮೆಲ್ಲಗೆ ಏರುತ್ತದೆ. ಅದನ್ನು ಖಾತ್ರಿ ಮಾಡಲು ಮೂರನೇ ಬಾಟಲಿ ಬೇಕೇ ಬೇಕು: ಅದೇ ಕೆಸರು, ಆದರೆ ಬೇಯಿಸಿದ್ದು. ಅಡುಗೆಗೆ ಮತ್ತೆ ಬಳಸದ ಹಳೆ ಕುಕ್ಕರಿನಲ್ಲಿ, ಡಬ್ಬಿಯಲ್ಲಿ ಮುಚ್ಚಿಟ್ಟು, ಉಗಿ ಒಂದೇ ಸಮ ಬರಲು ಶುರುವಾದ ಮೇಲೆಯೇ ಸೀಟಿ ಹಾಕಿ 30 ನಿಮಿಷ. ಮೊದಲೇ ಸೀಟಿ ಹಾಕಿದರೆ ಒಳಗಿನ ಗಾಳಿ ಅಲ್ಲೇ ಸಿಕ್ಕಿಕೊಂಡು ಬಿಸಿ ಪೂರ್ತಿ ಏರುವುದಿಲ್ಲ. ಹೀಗೆ ಮೂರು ದಿನ, ದಿನಕ್ಕೊಮ್ಮೆ. ಒಂದೇ ಸಲ ಬೇಯಿಸಿದರೆ ಬ್ಯಾಕ್ಟೀರಿಯಾದ ಬೀಜಕಗಳು ಕೆಲವು ಉಳಿಯುತ್ತವೆ, ರಾತ್ರಿ ಮೊಳೆತವನ್ನು ಮರುದಿನದ ಬಿಸಿ ಕೊಲ್ಲುತ್ತದೆ. ಬೇಯಿಸಿದ ಬಾಟಲಿಗೆ ಕುದಿಸಿ ಆರಿಸಿದ ನೀರನ್ನೇ ಹಾಕಿ. ಹಸಿ ಬಾಟಲಿಯಲ್ಲಿ ಏರಿದ್ದು ಬೇಯಿಸಿದ್ದರಲ್ಲಿ ಏರದಿದ್ದರೆ ಮಾತ್ರ ಅದು ಸೂಕ್ಷ್ಮಜೀವಿಗಳ ಕೆಲಸ ಎಂದು ಹೇಳುವ ಹಕ್ಕು ನಿಮ್ಮ ಮಕ್ಕಳಿಗೆ ಬರುತ್ತದೆ. ಶನಿಯ ಚಂದ್ರನ ಮೇಲೆ ಜೀವ ಹುಡುಕುವವರು ಕೇಳಿಕೊಳ್ಳುವ ಪ್ರಶ್ನೆಯೂ ಇದೇ: ಜೀವ ಇಲ್ಲದೆಯೂ ಇದು ಆಗಬಹುದಿತ್ತೇ?

ಕೊನೆಗೆ, ಬಾಟಲಿ ಬಿಚ್ಚುವುದು ಬಯಲಿನಲ್ಲಿ. ಕೆಸರನ್ನು ಗುಂಡಿಗೆ ಹಾಕಿ ಮುಚ್ಚಿ, ಕೈ ಸಾಬೂನಿನಿಂದ ತೊಳೆಯಿರಿ.

ಪ್ರಶ್ನೆ: 121 ಡಿಗ್ರಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿ ಇದೆ ಅಂತ ಬರೆದಿದ್ದಿರಿ. ನಾವು ಅಣಬೆ ಬೀಜ ಮಾಡುವ ಜೋಳವನ್ನು ಅದೇ 121 ಡಿಗ್ರಿಯಲ್ಲಿ ಶುದ್ಧ ಮಾಡ್ತೀವಿ. ಅದು ಸಾಲುವುದಿಲ್ಲವೇ?
ಅಣಬೆ ಬೆಳೆಗಾರರು, ಧಾರವಾಡ ತಾಲ್ಲೂಕು

ಉತ್ತರ: ಸಾಲುತ್ತದೆ. ಸ್ಟ್ರೇನ್ 121 ಎಂದು ಹೆಸರಾದ ಆ ಜೀವಿ 2003ರಲ್ಲಿ ವರದಿಯಾಯಿತು. 2008ರಲ್ಲಿ ಇನ್ನೊಂದು, ಹೆಚ್ಚಿನ ಒತ್ತಡದಲ್ಲಿ 122 ಡಿಗ್ರಿಯಲ್ಲೂ ಬೆಳೆಯಿತು. ಇವು ಆಮ್ಲಜನಕ ಇಲ್ಲದ ಕಡೆ ಕಬ್ಬಿಣವನ್ನೋ ಹೈಡ್ರೋಜನನ್ನೋ ನಂಬಿ ಬದುಕುವಂಥವು. ನಮ್ಮ ಕೋಣೆಯ ಉಷ್ಣತೆಯಲ್ಲಿ, ಜೋಳದ ಮೇಲೆ, ಬೆಳೆಯಲಾರವು. ನಿಮ್ಮ ಜೋಳ ಕೆಡಿಸುವುದು ಮಣ್ಣಿನ ಸಾಮಾನ್ಯ ಬೀಜಕಗಳು. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿರುವುದರಿಂದ, ಮೀಟರ್ 15 ಪೌಂಡ್ ತೋರಿಸಿದರೂ ಒಳಗೆ ಸುಮಾರು 120 ಡಿಗ್ರಿ ಮಾತ್ರ. ಹತ್ತು ನಿಮಿಷ ಹೆಚ್ಚಿಗೆ ಇಡಿ.

ಪ್ರಶ್ನೆ: ಬೋರ್ ನೀರು ಕೊಳೆತ ತತ್ತಿ ವಾಸನೆ ಹೊಡೆಯುತ್ತೆ. ಪಂಚಾಯಿತಿಯವರು ಕೊಟ್ಟ ಪರೀಕ್ಷೆ ಬಾಟಲಿ ಕಪ್ಪಾತು, ಹೊಲಸು ನೀರು ಸೇರೈತಿ ಅಂದ್ರು. ಸುತ್ತ ಎಲ್ಲೂ ಶೌಚಗುಂಡಿ ಇಲ್ಲ. ಇದೂ ನೀವು ಬರೆದ ಸೂಕ್ಷ್ಮಾಣುಗಳ ಕೆಲಸವೇ?
ರೈತರು, ನವಲಗುಂದ ತಾಲ್ಲೂಕು

ಉತ್ತರ: ಅವುಗಳ ನೆಂಟರದ್ದೇ ಇರಬಹುದು. ನೆಲದಡಿಯ ನೀರಿನಲ್ಲಿ ಸಲ್ಫೇಟ್ ಹೆಚ್ಚಿದ್ದು, ಆಮ್ಲಜನಕ ಇಲ್ಲದಿದ್ದರೆ, ಸಲ್ಫೇಟ್ ಉಸಿರಾಡುವ ಬ್ಯಾಕ್ಟೀರಿಯಾಗಳು ಬೋರಿನ ಕೇಸಿಂಗ್ ಪೈಪಿಗೆ ಅಂಟಿಕೊಂಡು ಬದುಕುತ್ತವೆ.

ಮೊದಲು ವಾಸನೆ ಎಲ್ಲಿಂದ ಎಂದು ನೋಡಿ. ಬಿಸಿನೀರಿಗೆ ಮಾತ್ರ ಇದ್ದರೆ ತಪ್ಪು ಗೀಸರಿನ ಒಳಗಿನ ಮೆಗ್ನೀಸಿಯಂ ಕಡ್ಡಿಯ ಬಳಿ. ಮುಂಜಾನೆ ಮೊದಲ ನೀರಿಗೆ ಜೋರಾಗಿದ್ದು, ಅರ್ಧ ಗಂಟೆ ಪಂಪ್ ಓಡಿದ ಮೇಲೆ ತಗ್ಗಿದರೆ ಬೋರಿನ ಗೋಡೆಯ ಲೋಳೆ. ಓಡಿದಷ್ಟೂ ಒಂದೇ ಸಮ ಇದ್ದರೆ ಅಂತರ್ಜಲವೇ ಹಾಗಿದೆ, ಕ್ಲೋರಿನ್‌ನಿಂದ ಶಾಶ್ವತ ಪರಿಹಾರ ಸಿಗದು.

ಪರೀಕ್ಷೆ ಬಾಟಲಿಯ ಬಗ್ಗೆ ನಿಮ್ಮ ಅನುಮಾನ ಸರಿ ಇರಬಹುದು. ಆ ಬಾಟಲಿ ಹುಡುಕುವುದು ಹೈಡ್ರೋಜನ್ ಸಲ್ಫೈಡನ್ನೇ. ಮಲದ ಜೊತೆ ಬರುವ ಬ್ಯಾಕ್ಟೀರಿಯಾಗಳು ಒಂದೆರಡು ದಿನದಲ್ಲಿ ಸಲ್ಫೈಡ್ ಹುಟ್ಟಿಸಿ ಅದನ್ನು ಕಪ್ಪಾಗಿಸುತ್ತವೆ. ನೀರಿನಲ್ಲಿ ಮೊದಲೇ ಸಲ್ಫೈಡ್ ಇದ್ದರೆ ತುಂಬಿದ ಕೆಲವು ನಿಮಿಷದಲ್ಲೇ ಕಪ್ಪಾಗುತ್ತದೆ. ಎಷ್ಟು ಹೊತ್ತಿಗೆ ಕಪ್ಪಾಯಿತು ಎಂದು ಗಮನಿಸಿ. ಕುದಿಸಿ ಶುದ್ಧ ಮಾಡಿದ ಎರಡು ಪಾತ್ರೆಗಳ ನಡುವೆ ನೀರನ್ನು ಇಪ್ಪತ್ತು ಸಲ ಎತ್ತಿ ಸುರಿದು, ವಾಸನೆ ಹೋದ ಮೇಲೆ ಇನ್ನೊಂದು ಬಾಟಲಿಗೆ ಹಾಕಿ ನೋಡಿ. ಏನೇ ಬಂದರೂ ಪ್ರಯೋಗಾಲಯದಲ್ಲಿ ಇ. ಕೋಲೈ (ಮಲದಲ್ಲಿರುವ ಬ್ಯಾಕ್ಟೀರಿಯಾ) ಪರೀಕ್ಷೆ ಆಗುವವರೆಗೆ ಕುಡಿಯುವ ನೀರನ್ನು ಕುದಿಸಿಯೇ ಬಳಸಿ. ಜೊತೆಗೆ ಸಲ್ಫೇಟ್ ಕೂಡ ನೋಡಲು ಹೇಳಿ: ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 400ರವರೆಗೆ.

ಗೋಡೆಯ ಲೋಳೆಯೇ ಆಗಿದ್ದರೆ ಬ್ಲೀಚಿಂಗ್ ಪೌಡರ್ ಹಾಕಬಹುದು. ಆರೂವರೆ ಇಂಚಿನ ಬೋರಿನಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರು ನಿಲ್ಲುತ್ತದೆ. 200 ಅಡಿ ನೀರು ನಿಂತಿದ್ದರೆ 1,300 ಲೀಟರ್. ಲೀಟರಿಗೆ 100 ಮಿಲಿಗ್ರಾಂ ಕ್ಲೋರಿನ್ ಲೆಕ್ಕಕ್ಕೆ 130 ಗ್ರಾಂ ಬೇಕು, ಶೇ 30ರ ಪುಡಿಯಾದರೆ ಅರ್ಧ ಕೆಜಿಗೆ ಸ್ವಲ್ಪ ಕಡಿಮೆ. ಪೊಟ್ಟಣ ಒಡೆದು ತಿಂಗಳಾದ ಪುಡಿಯಲ್ಲಿ ಸತ್ವ ಇರುವುದಿಲ್ಲ. ಪುಡಿಯನ್ನು ಬಕೆಟ್ ನೀರಿನಲ್ಲಿ ಕಲಸಿ ಗಷ್ಟು ಇಳಿದ ಮೇಲೆ ತಿಳಿಯನ್ನು ಮಾತ್ರ ಬೋರಿಗೆ ಸುರಿಯಿರಿ, ಗಷ್ಟು ಹೋದರೆ ನೀರಿನ ಸೆಲೆ ಕಟ್ಟುತ್ತದೆ. ನಳದಲ್ಲಿ ಕ್ಲೋರಿನ್ ವಾಸನೆ ಬರುವವರೆಗೆ ಪಂಪ್ ಓಡಿಸಿ, ಒಂದು ರಾತ್ರಿ ಬಿಟ್ಟು, ವಾಸನೆ ಹೋಗುವವರೆಗೆ ನೀರನ್ನು ಬೆಳೆಗೆ ಮತ್ತು ದನಗಳಿಗೆ ಸೇರದ ಕಡೆ ಹರಿಬಿಡಿ. ಆರ್‌ಓ ಯಂತ್ರದ ನಳವನ್ನು ಮೊದಲೇ ಬಂದ್ ಮಾಡಿ, ಕ್ಲೋರಿನ್ ಅದರ ಪೊರೆಯನ್ನು ತಿನ್ನುತ್ತದೆ. ಶೌಚಾಲಯ ತೊಳೆಯುವ ಆಸಿಡ್ ಇದ್ದ ಬಕೆಟನ್ನು ಯಾವ ಕಾರಣಕ್ಕೂ ಬಳಸಬೇಡಿ, ವಿಷಾನಿಲ ಏಳುತ್ತದೆ.

ಪ್ರಶ್ನೆ: ಯುರೋಪಾ, ಎನ್ಸೆಲಡಸ್ ಎರಡರಲ್ಲೂ ಸಮುದ್ರ ಇದೆ ಅಂತೀರಿ. ಜೀವ ಇದೆಯೋ ಇಲ್ಲವೋ ಎಂದು ದೂರದಿಂದ ಹೇಗೆ ಹೇಳ್ತಾರೆ?
ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಇನ್ನೂ ಯಾರೂ ಹೇಳಿಲ್ಲ. ಈಗ ನೋಡುತ್ತಿರುವುದು ಜೀವಕ್ಕೆ ಊಟ ಇದೆಯೇ ಎಂದು.

ಯುರೋಪಾ ಗುರುಗ್ರಹದ ಚಂದ್ರ. ಎನ್ಸೆಲಡಸ್ ಶನಿಯ ಪುಟ್ಟ ಚಂದ್ರ, ಅಡ್ಡಳತೆ 504 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋಗುವ ದೂರಕ್ಕಿಂತ ಸ್ವಲ್ಪ ಹೆಚ್ಚು. 2005ರಲ್ಲಿ ಕ್ಯಾಸಿನಿ ನೌಕೆ ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿ, ಹಿಮದ ಕಣ ಚಿಮ್ಮುವುದನ್ನು ಕಂಡಿತು. ಚಂದ್ರ ತಾನಾಗಿಯೇ ಮಾದರಿಯನ್ನು ಹೊರಗೆ ಎಸೆಯುತ್ತಿದೆ, ಕೊರೆಯುವ ಕೆಲಸವೇ ಇಲ್ಲ! ಕ್ಯಾಸಿನಿ ಆ ಕಾರಂಜಿಯ ನಡುವೆಯೇ ಹಾದುಹೋಗಿ ಮೂಸಿ ನೋಡಿತು. ಶನಿಯ ಸುತ್ತ ಸಿಕ್ಕ ಸಿಲಿಕಾದ ಅತಿಸಣ್ಣ ಕಣಗಳು ಆ ಸಮುದ್ರದ ತಳದಲ್ಲಿ 90 ಡಿಗ್ರಿಗೂ ಬಿಸಿಯಾದ ನೀರು ಬಂಡೆಯನ್ನು ಸೋಕುತ್ತಿದೆ ಎಂದು ಸೂಚಿಸಿದವು. ಕಾರಂಜಿಯಲ್ಲಿ ಹೈಡ್ರೋಜನ್ ಇದೆ ಎಂದು 2017ರಲ್ಲಿ, ಅದು ಹೊರಚಿಮ್ಮಿದ ಹಿಮಕಣಗಳಲ್ಲಿ ರಂಜಕ ಇದೆ ಎಂದು 2023ರಲ್ಲಿ ಪ್ರಕಟವಾಯಿತು.

ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್, ಮುಂಡರಗಿಯ ಶಿಕ್ಷಕಿಗೆ ಹೇಳಿದ ಅದೇ ಊಟ. ನಮ್ಮ ಅಟ್ಲಾಂಟಿಕ್ ತಳದಲ್ಲಿ 2000ನೇ ಇಸವಿಯಲ್ಲಿ ಸಿಕ್ಕ ಲಾಸ್ಟ್ ಸಿಟಿ ಎಂಬ ಬುಗ್ಗೆಗಳಲ್ಲಿ, 40ರಿಂದ 90 ಡಿಗ್ರಿಯ ಕ್ಷಾರೀಯ ನೀರಿನಲ್ಲಿ, ಬಂಡೆ-ನೀರಿನ ಇಂಥದ್ದೇ ಕ್ರಿಯೆ ನಡೆಯುತ್ತಿದೆ. ಜಪಾನಿನ ಓಕಿನಾವಾ ಬಳಿ ಆಳದ ಬುಗ್ಗೆಯಿಂದ ತಂದ ಮೀಥೇನ್ ತಯಾರಕ ಜೀವಿಯೊಂದನ್ನು ಎನ್ಸೆಲಡಸ್‌ನಲ್ಲಿ ಇರಬಹುದಾದ ಅನಿಲ ಮತ್ತು ಒತ್ತಡದಲ್ಲಿ ಬೆಳೆಸಿ ನೋಡಿದಾಗ, ಅದು ಬೆಳೆಯಿತು. ಆ ಫಲಿತಾಂಶ 2018ರಲ್ಲಿ ಬಂತು.

ಆದರೂ ಒಂದು ಮುಳ್ಳು ಇದೆ. ಹೈಡ್ರೋಜನ್ ಅಷ್ಟು ಉಳಿದಿರುವುದೇಕೆ? ಪಂಕ್ತಿಯಲ್ಲಿ ಬಡಿಸಿದ ಎಲೆ ಹಾಗೇ ತುಂಬಿದ್ದರೆ ಉಣ್ಣುವವರು ಬಂದಿಲ್ಲ ಎಂದೂ ಆಗಬಹುದು, ಬಡಿಸುವ ವೇಗಕ್ಕೆ ಉಣ್ಣಲು ಆಗುತ್ತಿಲ್ಲ ಎಂದೂ ಆಗಬಹುದು. ಮೀಥೇನ್ ಇದೆ ನಿಜ, ಆದರೆ ಅದು ಜೀವ ಇಲ್ಲದೆಯೂ ಹುಟ್ಟುತ್ತದೆ. ನಮ್ಮ ಮಟ್ಟಿಗೆ ಈ ಮುಳ್ಳೇ ಇಡೀ ವಿಷಯದ ಅತ್ಯಂತ ರುಚಿಕರ ಭಾಗ.

ನೀವು ಎಂಜಿನಿಯರಿಂಗ್ ಓದುವವರು, ಒತ್ತಡವನ್ನು ನೀವೇ ಲೆಕ್ಕ ಹಾಕಿ: ಸಾಂದ್ರತೆ, ಗುರುತ್ವ, ಆಳ ಮೂರರ ಗುಣಲಬ್ಧ. ಯುರೋಪಾದ ಗುರುತ್ವ 1.31 ಮೀ/ಸೆ², ಹಿಮ ಮತ್ತು ನೀರು ಕೂಡಿ 100 ಕಿ.ಮೀ. ಎಂದಿಟ್ಟುಕೊಂಡರೆ ತಳದಲ್ಲಿ ಸುಮಾರು 1,300 ವಾಯುಭಾರ. ನಮ್ಮ ಸಮುದ್ರಗಳ ಅತಿ ಆಳದ ಜಾಗವಾದ ಮರಿಯಾನಾ ಕಂದಕದ ತಳದ್ದು ಸುಮಾರು 1,100. ಎನ್ಸೆಲಡಸ್‌ನ ಗುರುತ್ವ ಬರೀ 0.11, 60 ಕಿ.ಮೀ. ಕೆಳಗೂ ಸುಮಾರು 65 ವಾಯುಭಾರ. ಅಂದರೆ ನಮ್ಮ ಸಮುದ್ರದ 650 ಮೀಟರ್ ಆಳದಷ್ಟು. ಒತ್ತಡ ಅಲ್ಲಿ ಜೀವಕ್ಕೆ ಅಡ್ಡಿಯೇ ಅಲ್ಲ.

ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ. 2030ರ ಏಪ್ರಿಲ್‌ನಲ್ಲಿ ಗುರುವನ್ನು ಮುಟ್ಟಿ, ಯುರೋಪಾದ ಪಕ್ಕದಿಂದ 49 ಸಲ ಹಾದುಹೋಗಬೇಕು. ಅದು ಹುಡುಕುವುದು ವಾಸಯೋಗ್ಯತೆಯನ್ನು, ಜೀವವನ್ನಲ್ಲ.

ಪ್ರಶ್ನೆ: 124 ಬೆಳಕಿನ ವರ್ಷ ದೂರದ ಗ್ರಹದಲ್ಲಿ ಸಮುದ್ರಜೀವಿಗಳ ಅನಿಲ ಸಿಕ್ಕಿತು ಅಂತ 2025ರಲ್ಲಿ ಸುದ್ದಿ ಬಂದಿತ್ತು. ಮುಂದೇನಾಯಿತು?
ನಿವೃತ್ತ ಅಂಚೆ ನೌಕರರು, ರಾಣೆಬೆನ್ನೂರು

ಉತ್ತರ: ಕೆ2-18ಬಿ ಗ್ರಹ. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಹತ್ತಿರದ ಅನಿಲದ ಗುರುತು ಇದೆ ಎಂದಿತು. ಅವರೇ ಹೇಳಿದ ಖಚಿತತೆ ಮೂರು ಸಿಗ್ಮಾ (ಗುರುತು ಬರೀ ಆಕಸ್ಮಿಕವಲ್ಲ ಎನ್ನುವ ಭರವಸೆಯ ಅಳತೆ), ಈ ವಿಜ್ಞಾನದಲ್ಲಿ ಶೋಧ ಎನ್ನಲು ಐದು ಬೇಕು. ಬೇರೆ ತಂಡಗಳು ಅದೇ ದತ್ತಾಂಶವನ್ನು ಮರಳಿ ಜಾಲಿಸಿದಾಗ ಗುರುತು ಗಟ್ಟಿಯಾಗಿ ನಿಲ್ಲಲಿಲ್ಲ. ಅಲ್ಲದೆ ಆ ಅನಿಲ ಜೀವವಿಲ್ಲದ ಧೂಮಕೇತುವಿನಲ್ಲೂ ಸಿಕ್ಕಿದೆ. ಬೇಯಿಸಿದ ಬಾಟಲಿಯನ್ನು ನೆನಪಿಸಿಕೊಳ್ಳಿ.

ಪ್ರಶ್ನೆ: ಬಿ.ಎಸ್ಸಿ. ಮೈಕ್ರೋಬಯಾಲಜಿ ಮುಗಿಯುತ್ತಿದೆ. ಈ ಕ್ಷೇತ್ರಕ್ಕೆ ಬರಬೇಕು ಎಂಬ ಆಸೆ. ಧಾರವಾಡದಿಂದ ದಾರಿ ಇದೆಯೇ?
ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಇದೆ, ಹತ್ತಿರದಲ್ಲೇ ಇದೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಗೋವಾದ ದೋನಾ ಪಾವ್ಲಾದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ವಾಸ್ಕೋದಲ್ಲಿ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ವಾಹನವನ್ನು ಕಟ್ಟುತ್ತಿದೆ. ಚೆನ್ನೈ ಮತ್ತು ವಾಸ್ಕೋ ಸಂಸ್ಥೆಗಳು ಸೇರಿ ಹಿಂದೂ ಮಹಾಸಾಗರದಲ್ಲಿ ಸುಮಾರು 4,500 ಮೀಟರ್ ಆಳದ ಸಕ್ರಿಯ ಬಿಸಿನೀರ ಬುಗ್ಗೆಯ ಚಿತ್ರ ತೆಗೆದ ಸುದ್ದಿ 2024ರ ಡಿಸೆಂಬರಿನಲ್ಲಿ ಬಂತು. ಪಿಎಚ್.ಡಿ.ಗೆ ಸಾಮಾನ್ಯವಾಗಿ ನೆಟ್ ಪರೀಕ್ಷೆ ಬೇಕಾಗುತ್ತದೆ.

ಎಂ.ಎಸ್ಸಿ.ಯಲ್ಲೇ ಎರಡು ಕೈಗೆಲಸ ಕಲಿಯಿರಿ. ಮೊದಲನೆಯದು ಆಮ್ಲಜನಕ ಇಲ್ಲದೆ ಬೆಳೆಸುವುದು. ಮಾಧ್ಯಮವನ್ನು, ಅಂದರೆ ಬೆಳೆಸುವ ಪೋಷಕ ದ್ರವವನ್ನು, ಕುದಿಸಿ, ಸಾರಜನಕ ಹಾಯಿಸುತ್ತ ಆರಿಸಿ, ಉಳಿದ ಆಮ್ಲಜನಕ ಕಳೆಯಲು ಸಿಸ್ಟೀನ್ ಹಾಕಿ, ದಪ್ಪ ಬ್ಯುಟೈಲ್ ರಬ್ಬರ್ ಬಿರಡೆ ಮತ್ತು ಅಲ್ಯೂಮಿನಿಯಂ ಮುಚ್ಚಳದಿಂದ ಬಿಗಿಯಬೇಕು. ರೆಸಜೂರಿನ್ ಎಂಬ ಬಣ್ಣ ಒಂದೆರಡು ಹನಿ ಹಾಕಿರುತ್ತಾರೆ. ಗುಲಾಬಿ ಇದ್ದರೆ ಆಮ್ಲಜನಕ ಇದೆ, ಬಣ್ಣ ಹೋದರೆ ಇಲ್ಲ. ರಾತ್ರಿ ನಿರ್ಬಣ್ಣ ಇದ್ದದ್ದು ಬೆಳಗ್ಗೆ ಮೇಲ್ಭಾಗದಲ್ಲಿ ತಿಳಿ ಗುಲಾಬಿಯಾಗಿದ್ದರೆ ಬಿರಡೆ ಸೋರಿದೆ. ಸೂಜಿ ಚುಚ್ಚಿದ ಜಾಗಕ್ಕೇ ಮತ್ತೆ ಮತ್ತೆ ಚುಚ್ಚುವುದು ಇದಕ್ಕೆ ಮುಖ್ಯ ಕಾರಣ.

ಎರಡನೆಯದು ಕಲಬೆರಕೆಯನ್ನು ಹಿಡಿಯುವುದು. ಜಪಾನಿನ ಚಿಕ್ಯು ಹಡಗು 2012ರಲ್ಲಿ ಸಮುದ್ರತಳದಿಂದಲೂ ಕೆಳಗೆ 2,466 ಮೀಟರ್ ಕೊರೆಯಿತು. ಅಷ್ಟು ಆಳದಲ್ಲಿ ಒಂದು ಘನ ಸೆಂಟಿಮೀಟರಿಗೆ ಬೆರಳೆಣಿಕೆಯಷ್ಟೇ ಜೀವಕೋಶ. ಕೊರೆಯಲು ಬಳಸುವ ದ್ರವದಲ್ಲಿ ಅದರ ಎಷ್ಟೋ ಪಟ್ಟು ಇರುತ್ತವೆ. ಅದಕ್ಕೆ ದ್ರವದಲ್ಲಿ ಪರ್‌ಫ್ಲೋರೋಕಾರ್ಬನ್ ಎಂಬ ಗುರುತುವಸ್ತು ಬೆರೆಸುತ್ತಾರೆ. ಮೇಲೆ ಬಂದ ಮಣ್ಣಿನ ಕಂಬದ ಹೊರಮೈ ಕೆತ್ತಿ ತೆಗೆದು, ನಡುವಿನ ತಿರುಳಿನಲ್ಲಿ ಆ ಗುರುತು ಇದೆಯೇ ಎಂದು ಮೊದಲು ನೋಡುತ್ತಾರೆ. ಇದ್ದರೆ ಆ ತುಂಡನ್ನು ಬಿಟ್ಟರು. ಡಿಎನ್‌ಎ ತೆಗೆಯುವ ಕಿಟ್‌ನಲ್ಲೇ ಬ್ಯಾಕ್ಟೀರಿಯಾದ ಡಿಎನ್‌ಎ ಇರುತ್ತದೆ, ಹಾಗಾಗಿ ಮಾದರಿ ಹಾಕದ ಖಾಲಿ ಕಿಟ್ಟನ್ನೂ ಜೊತೆಗೇ ಓಡಿಸಬೇಕು. ಈ ಎಚ್ಚರ ಗ್ರಹಗಳವರೆಗೂ ಹೋಗಿದೆ: 2017ರ ಸೆಪ್ಟೆಂಬರ್ 15ರಂದು ಕ್ಯಾಸಿನಿಯನ್ನು ಬೇಕೆಂದೇ ಶನಿಯೊಳಗೆ ಇಳಿಸಿ ಸುಟ್ಟರು. ಇಂಧನ ಮುಗಿದು ಅದು ಎನ್ಸೆಲಡಸ್‌ಗೆ ಬಡಿದರೆ ನಮ್ಮ ಭೂಮಿಯ ಸೂಕ್ಷ್ಮಾಣು ಅಲ್ಲಿ ಸೇರಬಾರದಲ್ಲ.

ಪ್ರಶ್ನೆ: ನಮ್ಮ ಕಪ್ಪತಗುಡ್ಡದಾಗ ಹಿಂದೆ ಬಂಗಾರದ ಗಣಿ ಇದ್ದವು. ಅಂಥ ಆಳದಾಗೂ ಜೀವ ಇರ್ತಾವೇನು? ಈ ಗುಡ್ಡಕ್ಕೂ ಸಮುದ್ರಕ್ಕೂ ಏನರ ಸಂಬಂಧ ಐತೇನ್ರಿ?
ಚಾರಣಪ್ರಿಯರು, ಡಂಬಳ, ಗದಗ ಜಿಲ್ಲೆ

ಉತ್ತರ: ದಕ್ಷಿಣ ಆಫ್ರಿಕಾದ ಬಂಗಾರದ ಗಣಿಯಲ್ಲಿ 2.8 ಕಿ.ಮೀ. ಆಳದ ಬಿರುಕಿನ ನೀರಿನಲ್ಲಿ ಬಹುತೇಕ ಒಂದೇ ಜಾತಿಯ ಬ್ಯಾಕ್ಟೀರಿಯಾ ತಾನೇ ತಾನಾಗಿ ಬದುಕಿದೆ ಎಂದು 2008ರಲ್ಲಿ ವರದಿಯಾಯಿತು. ಬಂಡೆಯಲ್ಲಿನ ಯುರೇನಿಯಂನ ವಿಕಿರಣ ನೀರನ್ನು ಒಡೆದು ಹೈಡ್ರೋಜನ್ ಹುಟ್ಟಿಸುತ್ತದೆ, ಅದೇ ಅದರ ಊಟ. ಮಂಗಳದ ನೆಲದಡಿಯೂ ಇಂಥದ್ದು ಸಾಧ್ಯವೇ ಎಂಬ ಚರ್ಚೆ ಇದರಿಂದ ಬಲವಾಯಿತು.

ಸಮುದ್ರದ ಸಂಬಂಧ ಇದೆ, ಅದೂ ಹಳೆಯದು. ಕಪ್ಪತಗುಡ್ಡದ ಪಟ್ಟೆಪಟ್ಟೆ ಕಬ್ಬಿಣದ ಬಂಡೆಗಳು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ಕೆಳಗೆ ಕೂತ ಪದರಗಳು. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಯೇ ಇರುತ್ತಿತ್ತು. ಅಂಥ ಬಂಡೆಗಳ ಕಬ್ಬಿಣದ ಬಹುಪಾಲು ಸಮುದ್ರತಳದ ಬಿಸಿನೀರ ಬುಗ್ಗೆಗಳಿಂದ ಬಂದದ್ದು ಎಂಬುದು ಭೂವಿಜ್ಞಾನಿಗಳ ಸಾಮಾನ್ಯ ಅಭಿಪ್ರಾಯ. ಅದನ್ನು ತುಕ್ಕಾಗಿಸಿ ತಳಕ್ಕೆ ಇಳಿಸಿದ್ದರಲ್ಲಿ ಸೂಕ್ಷ್ಮಜೀವಿಗಳ ಪಾಲು ಎಷ್ಟು ಎಂಬ ವಾದ ಇನ್ನೂ ನಡೆದಿದೆ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋದರೆ ನೀರಿನೊಳಗೆ ಉಕ್ಕಿದ ಲಾವಾ ದಿಂಬುದಿಂಬಾಗಿ ಹೆಪ್ಪುಗಟ್ಟಿರುವುದನ್ನೂ ನೋಡಬಹುದು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಗುಡ್ಡಕ್ಕೆ ಹೋಗುವಾಗ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ದಾರ ಕಟ್ಟಿದ ಸಣ್ಣ ಅಯಸ್ಕಾಂತ ಒಯ್ಯಿರಿ. ಕೆಂಪು ಪಟ್ಟಿಯ ಹತ್ತಿರ ಅಯಸ್ಕಾಂತ ಸುಮ್ಮನೆ ತೂಗುತ್ತದೆ, ಅದು ಹೆಮಟೈಟ್ ಬೆರೆತ ಬೆಣಚು. ಕಪ್ಪು ಪಟ್ಟಿಯ ಹತ್ತಿರ ವಾಲಿ ಅಂಟಿಕೊಂಡರೆ ಮ್ಯಾಗ್ನೆಟೈಟ್. ಪಟ್ಟಿಗಳು ಕೆಲವು ಕಡೆ ಕೂದಲೆಳೆಯಷ್ಟು, ಕೆಲವು ಕಡೆ ಬೆರಳಷ್ಟು ದಪ್ಪ ಇರುತ್ತವೆ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ, ಅಲ್ಲಿ ಕಲ್ಲು ಒಡೆಯುವಂತಿಲ್ಲ, ತರುವಂತಿಲ್ಲ. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪದರ ಪದರವಾಗಿ ವಿವರಿಸುತ್ತೇವೆ.